ಬೀಗ ಹಾಕಬಾರದ ಶೆಡ್ಡು

"ಕ್ಯಾಮೆರಾ ಬೇಕಿದ್ರೆ ನಾಲ್ಕು ಹಾಕು. ಸೈರನ್ನೂ ಹಾಕು, ನಂಗೇನೂ ಬೇಜಾರಿಲ್ಲ. ಬಾಗಿಲಿಗೆ ಮಾತ್ರ ಬೀಗ ಹಾಕ್ಬೇಡ ಕಣಪ್ಪ," ಎಂದಳು ಅಜ್ಜಿ.

ಬೀಗದವನು ನಕ್ಕುಬಿಟ್ಟ. ನಗದೆ ಇನ್ನೇನು ಮಾಡಿಯಾನು? ಹನ್ನೆರಡು ವರ್ಷದಿಂದ ಹೊಲಮನೆಗಳಿಗೂ ಗೋದಾಮುಗಳಿಗೂ ಬೀಗ ಕೂರಿಸಿಯೇ ಹೊಟ್ಟೆ ಹೊರೆದವನು. ಕಳ್ಳರ ಕೈಚಳಕವೆಲ್ಲ ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ. ಊರಿಂದ ಇಷ್ಟು ದೂರ, ಬಯಲ ನಡುವೆ ಒಂಟಿಯಾಗಿ ನಿಂತ ಈ ತಗಡಿನ ಶೆಡ್ಡಿನಲ್ಲಿ ಟ್ರ್ಯಾಕ್ಟರಿತ್ತು, ಎರಡು ಪಂಪುಗಳಿದ್ದವು, ತಾಮ್ರದ ವೈರಿನ ಸುರುಳಿಗಳಿದ್ದವು, ಡೀಸೆಲ್ ಡ್ರಮ್ಮುಗಳಿದ್ದವು. ಬಾಗಿಲಿಗೆ ಒಂದು ಚಿಲಕವೂ ಇರಲಿಲ್ಲ. ಮೂವತ್ತು ವರ್ಷದಿಂದ ಒಂದು ಸ್ಪ್ಯಾನರೂ ಕಳುವಾಗಿಲ್ಲವೆಂದು ಅಜ್ಜಿ ಹೇಳಿದಾಗ ಅವನು ನಂಬಲಿಲ್ಲ.

"ಯಾಕಜ್ಜಿ, ಈ ಕಡೆ ಕಳ್ಳರೆಲ್ಲ ನಿವೃತ್ತಿ ತಗೊಂಡ್ರಾ?"

ಅಜ್ಜಿ ನಗಲಿಲ್ಲ. ಒಳಗೋಡೆಯತ್ತ ಬೆರಳು ತೋರಿಸಿದಳು. ಅಲ್ಲಿ ಸಾಲಾಗಿ ಮೊಳೆಗಳು. ಒಂದೊಂದಕ್ಕೂ ಒಂದೊಂದು ವಸ್ತು ನೇತುಬಿದ್ದಿತ್ತು: ಒಂಟಿ ಗಾಜಿನ ಕನ್ನಡಕ, ಒಂದು ಕಾಲಿನ ಚಪ್ಪಲಿ, ಒಂದು ಹೆಂಗಸಿನ ಉದ್ದನೆಯ ಜಡೆ, ಬೆರಳುದ್ದದ ಮಗುವಿನ ಬೂಟು. ಎಲ್ಲದರ ಮೇಲೂ ದಪ್ಪ ಧೂಳು. ಡೀಸೆಲ್ಲು, ಗ್ರೀಸಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು, ಕೂದಲು ಸುಟ್ಟ ಕಮಟು.

"ನಮ್ಮತ್ತೆ ಕಾಲದಲ್ಲಿ ಮೂರು ಸಲ ಪಂಪು ಹೋಯ್ತು. ಆವಾಗ ಅವರು ಮಾಟ ಮಾಡೋನ್ನ ಕರೆಸಿ ಶೆಡ್ಡಿಗೆ ಕಟ್ಟು ಹಾಕ್ಸಿದ್ರು. ಒಳಗಿನ ಕಬ್ಬಿಣ ಕೇಳದೆ ಹೊರಗೆ ಒಯ್ದೋನಿಗೆ ದಾರಿ ಸಿಗಲ್ಲ. ಎಲ್ಲಿಗೆ ಹೋದ್ರೂ ಇಲ್ಲಿಗೇ ಬರ್ತಾನೆ. ಹೊತ್ತು ಮುಳುಗೋದ್ರೊಳಗೆ ವಾಪಸ್ ಇಟ್ಟ, ಬಚಾವಾದ. ಇಡ್ಲಿಲ್ಲ, ಶೆಡ್ಡೇ ಒತ್ತೆ ತಗೊಳ್ಳುತ್ತೆ. ಒಯ್ದೋರಿಗೆ ಯಾವುದು ಎಲ್ಲಕ್ಕಿಂತ ಹೆಚ್ಚೋ ಅದನ್ನ. ಒಯ್ದೋರೇ ತಂದಿಡೋವರ್ಗೂ ಬಿಡಲ್ಲ."

"ಬೀಗ ಯಾಕೆ ಬೇಡ?"

"ವಾಪಸ್ ಇಡೋಕೆ ಬಂದೋನಿಗೆ ಬಾಗಿಲು ತೆರೆದಿರ್ಬೇಕಲ್ಲಪ್ಪ."

ಕಾರಿನ ಪಕ್ಕ ನಿಂತಿದ್ದ ಅಜ್ಜಿಯ ಅಣ್ಣನ ಮಗ ಕಣ್ಣು ಮಿಟುಕಿಸಿದ. ಕೆಲಸಕ್ಕೆ ಕರೆಸಿದ್ದು ಅವನೇ. ಅಜ್ಜಿಯ ಕಣ್ಣಿನ ಆಪರೇಷನ್ನಿಗೆಂದು ಇಬ್ಬರೂ ದೂರದ ಪೇಟೆಗೆ ಹೊರಟಿದ್ದರು, ಬರುವುದು ಮರುದಿನ. "ಅತ್ತೆ ಮಾತಿಗೆ ತಲೆ ಕೆಡಿಸ್ಕೋಬೇಡಿ, ಬೀಗ ಹಾಕಿ," ಎಂದು ಪಿಸುಗುಟ್ಟಿದವನು ಆಮೇಲೆ ಕೈ ಚಾಚಿದ. "ಮೂರೂ ಕೀಲಿ ಈಗ್ಲೇ ಕೊಟ್ಬಿಡಿ. ಬೀಗ ಹಾಕೋರೇ ಕಳ್ಳರಾಗೋ ಕಾಲ ನೋಡಿ, ಬೇಜಾರಾಗ್ಬೇಡಿ."

ಬೀಗದವನಿಗೆ ಬೇಜಾರಾಯಿತು. ಆದರೂ ಮೂರು ಕೀಲಿಯನ್ನೂ ಅವನ ಅಂಗೈಗೆ ಹಾಕಿದ. ಎಳೆದುಕೊಂಡರೆ ತಾನೇ ಬೀಳುವ ಬೀಗ ಅದು. ಕೀಲಿಯಿಲ್ಲದೆ ಹೊರಗಿಂದಲೂ ತೆರೆಯದು, ಒಳಗಿಂದಲೂ ತೆರೆಯದು. ಮಾಡು ಕಿತ್ತು ಇಳಿದ ಕಳ್ಳ ಬೆಳಗಿನವರೆಗೆ ಒಳಗೇ ಕೊಳೆಯಬೇಕು. "ಆನೆ ಬಂದು ಒದ್ರೂ ಅಲ್ಲಾಡಲ್ಲ," ಎಂದು ಕೊಚ್ಚಿಕೊಂಡ. ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ಅಜ್ಜಿಯ ಮುಖ ಕಾಣುವಷ್ಟು ದೂರವೂ ಅವನನ್ನೇ ನೋಡುತ್ತಿತ್ತು.

ಅವನಿಗೆ ಆ ಹೊತ್ತಿಗೆ ಮಾಟಕ್ಕಿಂತ ಗಡಿಯಾರದ ಭಯ ಹೆಚ್ಚಿತ್ತು. ಐದು ಗಂಟೆಗೆ ಮಗಳ ಶಾಲೆಯ ಗೇಟಿನಲ್ಲಿರಬೇಕು. ಆರು ವರ್ಷದ ಹುಡುಗಿ, ತಾಯಿಯಿಲ್ಲ. ಅವಳಿಗೆ ಅವನು, ಅವನಿಗೆ ಅವಳು, ಅಷ್ಟೇ ಸಂಸಾರ. ನೆಲದ ಮೇಲೆ ಬಿದ್ದ ನಟ್ಟು, ಬೋಲ್ಟು, ಸ್ಕ್ರೂ ಏನು ಕಂಡರೂ ಆರಿಸಿ ಮುಷ್ಟಿಯಲ್ಲಿಟ್ಟು ತಂದು "ಅಪ್ಪಾ, ನಿಂಗೆ" ಎಂದು ಕೊಡುವುದು ಅವಳ ಚಾಳಿ. ಅದಕ್ಕೇ ಅವನು ಅವಳಿಗೆ ಮ್ಯಾಗ್ನೆಟ್ಟು ಎಂದು ಹೆಸರಿಟ್ಟಿದ್ದ. ಹೋದ ವಾರ ಅವನು ತಡಮಾಡಿದಾಗ ಗೇಟಿನ ಕಂಬಿ ಹಿಡಿದು ಅತ್ತಿದ್ದಳು. ಇನ್ನು ತಡಮಾಡುವುದಿಲ್ಲವೆಂದು ಅವಳ ತಲೆ ಮುಟ್ಟಿ ಆಣೆಯಿಟ್ಟಿದ್ದ.

ಕೆಲಸ ಬಿರುಸಾಗಿ ನಡೆಯಿತು. ಬಾಗಿಲ ಪಕ್ಕ ಸೊಂಟದೆತ್ತರದಲ್ಲಿ ವೈರಿಗೆಂದು ಕೊರೆದ ತೂತು ತಪ್ಪು ಜಾಗದಲ್ಲಿ ಬಿತ್ತು; ಅದಕ್ಕೆ ಪುಟ್ಟಿ ಮೆತ್ತಿ ಇನ್ನೊಂದು ಕೊರೆದ. ಬಾಗಿಲ ಕೆಳಗಿನ ಸಂದಿಗೆ ಉಕ್ಕಿನ ಪಟ್ಟಿ ಹೊಡೆದ. ಕ್ಯಾಮೆರಾ ಕೂರಿಸಲು ನಡುಗಂಬವನ್ನು ಕೊರೆಯುವಾಗ ಡ್ರಿಲ್ಲು ಕಿರುಚಿತು. ಕಾದ ಕಬ್ಬಿಣದ ಚೂರೊಂದು ಹಾರಿ ಎಡ ಹೆಬ್ಬೆರಳಿಗೆ ಚುಚ್ಚಿಕೊಂಡಿತು. ಅವನು ಬೆರಳನ್ನು ಬಾಯಲ್ಲಿಟ್ಟು ಚೀಪಿ, ಉಗುಳಿ, ಮರೆತ. ಈ ಕಸುಬಿನಲ್ಲಿ ಇಂಥ ಚೂರುಗಳನ್ನು ಯಾರು ಲೆಕ್ಕ ಇಡುತ್ತಾರೆ? ನಾಲ್ಕು ಗಂಟೆಗೆ ಡ್ರಿಲ್ಲಿನ ಬ್ಯಾಟರಿಯೂ ಮುಗಿಯಿತು, ಕೆಲಸವೂ ಮುಗಿಯಿತು. ಕ್ಯಾಮೆರಾದ ಚಿತ್ರ ಫೋನಿನಲ್ಲಿ ಸರಿಯಾಗಿ ಬರುತ್ತಿತ್ತು. ಬಾಗಿಲು ಎಳೆದ. ಬೀಗ 'ಖಟ್' ಎಂದಿತು.

ಬೈಕು ಹತ್ತಿ ಹೊರಟ. ಮಣ್ಣಿನ ದಾರಿ, ಒಂದು ತಿರುವು, ಆಮೇಲೆ ಟಾರು ರಸ್ತೆ. ತಿರುವು ದಾಟಿದ. ಎದುರಿಗೆ ಶೆಡ್ಡು ನಿಂತಿತ್ತು.

ದಾರಿ ತಪ್ಪಿತೆಂದುಕೊಂಡು ಬೈಕು ತಿರುಗಿಸಿದ. ತಿರುವು ಬಂತು. ಶೆಡ್ಡು ಬಂತು. ಈ ಸಲ ದಾರಿ ಬಿಟ್ಟು ಹೊಲದೊಳಗೇ ನುಗ್ಗಿಸಿದ, ಹೆಂಟೆಗಳ ಮೇಲೆ ಬೈಕು ಕುಣಿಯಿತು, ಬೇಲಿ ದಾಟಿತು. ಬೇಲಿಯಾಚೆ ತಗಡಿನ ಗೋಡೆ, ಅವನೇ ಕೂರಿಸಿದ ಹೊಳೆಯುವ ಬೀಗ. ಮಾಡಿನ ಮೇಲೆ ಪಾರಿವಾಳಗಳ ಉಗುರು ಪರಪರನೆ ಸದ್ದು ಮಾಡುತ್ತಿತ್ತು. ಐದೂ ಹತ್ತು.

ಫೋನು ಶೆಡ್ಡಿನ ಬಳಿ ಮಾತ್ರ ಸಿಗ್ನಲ್ ಹಿಡಿಯುತ್ತಿತ್ತು. ಅಜ್ಜಿಗೆ ಮಾಡಿದ.

"ಏನು ತಗೊಂಡೆ?" ಎಂದಳು ಅವಳು, ಹಲೋ ಕೂಡ ಎನ್ನದೆ.

"ಏನೂ ಇಲ್ಲ ಅಜ್ಜಿ! ನನ್ ಮಗಳಾಣೆಗೂ ಇಲ್ಲ!"

"ಅವಳ ಮೇಲೆ ಆಣೆ ಇಡ್ಬೇಡ. ಹುಡುಕು. ಒಳಗೆ ಹೋಗಿ ಇಟ್ಬಿಡು, ಮುಗೀತು."

"ಬಾಗಿಲಿಗೆ ಬೀಗ ಹಾಕ್ಬಿಟ್ಟಿದೀನಿ."

ಆ ಕಡೆ ಕಾರು ಗಕ್ಕನೆ ನಿಂತ ಸದ್ದು ಕೇಳಿಸಿತು.

"ಕೀಲಿ ನಮ್ ಹತ್ರ ಇದೆಯಲ್ಲೋ," ಎಂದಳು. "ಈಗ ತಿರುಗಿದ್ರೂ ನಾವು ಬರೋದು ಬೆಳಿಗ್ಗೆನೇ ಕಣಪ್ಪ."

ಚೀಲವನ್ನು ನೆಲಕ್ಕೆ ಸುರಿದ. ಸ್ಪ್ಯಾನರು, ಕಟರು, ಸ್ಕ್ರೂಡ್ರೈವರುಗಳು, ಎಲ್ಲ ಅವನವೇ. ಜೇಬು ತಿರುವಿ ಹಾಕಿದ, ಬೂಟು ಬಿಚ್ಚಿ ಕೊಡವಿದ. ಒಂದು ಸ್ಕ್ರೂ ಕೂಡ ಹೆಚ್ಚಿಗೆ ಇರಲಿಲ್ಲ. ನೆರಳುಗಳು ಉದ್ದವಾಗುತ್ತಿದ್ದವು. ಹೆಬ್ಬೆರಳು ಮಿಡಿಯುತ್ತಿತ್ತು. ಅದು ಆಗಿನಿಂದಲೂ ಮಿಡಿಯುತ್ತಲೇ ಇತ್ತು.

ಅವನು ಬೆರಳನ್ನು ನಿಧಾನವಾಗಿ ಕಣ್ಣ ಮುಂದೆ ತಂದ. ಚರ್ಮದಡಿ ಒಂದು ಕಪ್ಪು ಚುಕ್ಕೆ.

ವೈರು ಸುಲಿಯುವ ಬ್ಲೇಡಿನಿಂದ ಬಗೆದ. ಕಣ್ಣಲ್ಲಿ ನೀರು ಬಂತು. ಅಕ್ಕಿನುಚ್ಚಿನಷ್ಟು ಒಂದು ಚೂರು ಹೊರಬಂತು, ಆದರೆ ತುದಿ ಮುರಿದಿತ್ತು. ಉಳಿದರ್ಧ ಒಳಗೆ ಜಾರಿತು. ಇಷ್ಟಾದರೂ ಇಡೋಣವೆಂದು ಸುತ್ತಿಗೆ ಎತ್ತಿ ಬೀಗಕ್ಕೆ ಬಡಿದ. ಸೈರನ್ ಕೂಗಿಕೊಂಡಿತು. ಬಯಲೆಲ್ಲ ಬೊಬ್ಬಿರಿಯಿತು, ಕೇಳುವವರು ಒಬ್ಬರಿಲ್ಲ. ಬೀಗ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅವನ ಮಾತು ಸುಳ್ಳಾಗಿರಲಿಲ್ಲ.

ಆಗ ನೆನಪಾಯಿತು, ತಪ್ಪಿ ಕೊರೆದ ತೂತು. ಪುಟ್ಟಿ ಇನ್ನೂ ಹಸಿಯಿತ್ತು. ಸ್ಕ್ರೂಡ್ರೈವರಿನಿಂದ ಚುಚ್ಚಿ ಕೆಡವಿದ. ಹೆಬ್ಬೆರಳ ತುದಿ ತೂರುವಷ್ಟು ತೂತು. ಚೂರನ್ನು ಒಳಗೆ ತಳ್ಳಿದ. ಸೈರನ್ ತಾನಾಗಿ ನಿಂತಿತು. ಅದೇ ಗಳಿಗೆಗೆ ಬಯಲಿನಂಚಿನಲ್ಲಿ ಸೂರ್ಯನ ಕೊನೆಯ ಕೆಂಪು ಗೆರೆ ಅಳಿಸಿಹೋಯಿತು.

ತಗಡಿನಾಚೆ ಯಾರೋ ಮೂಗೆಳೆದರು.

ಅವನು ಫೋನು ನೋಡಿದ. ಬೂದು ಬಣ್ಣದ ಚಿತ್ರ. ಮೊಳೆಗಳ ಸಾಲಿನ ತುದಿಯಲ್ಲಿ ಒಂದು ರಿಬ್ಬನ್ ತೂಗುತ್ತಿತ್ತು. ಅದರ ಕೆಳಗೆ, ಶಾಲೆಯ ಯೂನಿಫಾರ್ಮಿನಲ್ಲಿ, ಬ್ಯಾಗು ಹೆಗಲಿಗೇರಿಸಿಕೊಂಡು, ಅವನ ಮಗಳು ಕೂತಿದ್ದಳು.

"ಅಪ್ಪಾ? ಕತ್ತಲು ಅಪ್ಪಾ. ಬಾಗಿಲು ತೆಗಿ."

"ಬಂದೆ ಕಂದಾ! ಬಂದೆ! ಅಲ್ಲೇ ಇರು!"

ಬಾಗಿಲಿಗೆ ಭುಜ ಹೊಡೆದ. ಮತ್ತೆ ಹೊಡೆದ. ಉಕ್ಕಿನ ಪಟ್ಟಿಗೆ ಉಗುರು ಹಾಕಿ ಕಿತ್ತ. ಉಗುರು ಕಿತ್ತುಬಂತು. ತೂತು ಹಿಗ್ಗಿಸಲು ಸುತ್ತಿಗೆಯಿಂದ ಬಡಿದ, ದಪ್ಪ ತಗಡು ಬಗ್ಗಲಿಲ್ಲ. ಫೋನಿನಲ್ಲಿ ಅವಳು ಎದ್ದು ತಡವರಿಸುತ್ತಿದ್ದಳು, ಬಗ್ಗಿದಳು, ಎದ್ದಳು. ಅವಳ ಹಿಂದೆ ಗೋಡೆಯ ಮೇಲಿನ ಜಡೆ ಮೆಲ್ಲಗೆ ಅಲ್ಲಾಡಿತು. ಗಾಳಿ ಎಲ್ಲಿತ್ತು ಅಲ್ಲಿ? ಸಂದಿಯನ್ನೆಲ್ಲ ಮುಚ್ಚಿದವನು ಅವನೇ.

ಉಳಿದಿದ್ದು ಒಂದೇ ದಾರಿ. ಹೆಬ್ಬೆರಳನ್ನು ಬೈಕಿನ ಸೀಟಿನ ಮೇಲಿಟ್ಟ. ಕಟರು ತೆಗೆದುಕೊಂಡ, ದಪ್ಪ ಕೇಬಲ್ ಕತ್ತರಿಸುವ ಕಟರು. ಬೆಲ್ಟನ್ನು ಹಲ್ಲಿನಲ್ಲಿ ಕಚ್ಚಿದ. ಒಂದು. ಎರಡು. ಮೂರು ಎಣಿಸಲಿಲ್ಲ.

ಬೆರಳ ತುದಿಯನ್ನು ಆ ತೂತಿನೊಳಗೆ ತಳ್ಳಿದಾಗ ಅವನ ಕೈ ಅವನದೆಂದು ಅನಿಸಲಿಲ್ಲ. ಒಳಗೆ 'ಪತ್' ಎಂದು ಏನೋ ಬಿದ್ದ ಸದ್ದು. ಫೋನಿನಲ್ಲಿ ಮೊಳೆ ಖಾಲಿಯಾಗಿತ್ತು. ನೆಲ ಖಾಲಿಯಾಗಿತ್ತು. ಕೂಡಲೇ ಫೋನು ಬಡಿದುಕೊಂಡಿತು, ಶಾಲೆಯ ವಾಚ್‌ಮನ್.

"ಎಲ್ಲಿದೀರಾ ಸಾರ್? ಮಗು ಬೆಂಚಿನ ಮೇಲೇ ಇತ್ತು, ತಿರುಗಿ ನೋಡಿದ್ರೆ ಇಲ್ಲ, ನನ್ ಎದೆನೇ ಒಡೆದ್ಹೋಯ್ತು. ಈಗ ನೋಡಿದ್ರೆ ಅಲ್ಲೇ ಮಲಗಿದೆ. ಬೇಗ ಬನ್ನಿ ಸಾರ್."

ಅವನು ಜೋರಾಗಿ ಅತ್ತುಬಿಟ್ಟ.

ದಾರಿ ಈಗ ದಾರಿಯಂತೆಯೇ ಇತ್ತು. ತಿರುವಿನಾಚೆ ಟಾರು ರಸ್ತೆ, ಅಂಗಡಿಗಳು, ಬೀದಿದೀಪಗಳು. ಗೇಟಿನ ಬಳಿ ಮಗಳು ಕಣ್ಣುಜ್ಜುತ್ತಾ ಕೂತಿದ್ದಳು. ಅವಳ ಜಡೆಯ ರಿಬ್ಬನಿನಲ್ಲಿ ಮೊಳೆ ತೂರಿದಷ್ಟು ಒಂದು ತೂತು. ಅವಳನ್ನು ಎದೆಗವುಚಿಕೊಂಡ. ಅಂಗಿ ಹರಿದು ಸುತ್ತಿದ ಕೈಯನ್ನು ಅವಳಿಗೆ ಕಾಣದಂತೆ ಬೆನ್ನ ಹಿಂದೆ ಇಟ್ಟುಕೊಂಡ.

"ಕೆಟ್ಟ ಕನಸು ಬಿತ್ತಪ್ಪ."

"ಮುಗೀತು ಪುಟ್ಟಾ. ಮನೆಗೆ ಹೋಗೋಣ."

ಬೈಕಿನ ಹಿಂದೆ ಕೂತು ಅವಳು ಒಂದು ಕೈಯಿಂದ ಅವನ ಸೊಂಟ ಹಿಡಿದಳು. ಬೇಕರಿಯ ತಿರುವು ದಾಟಿದರು, ಔಷಧಿ ಅಂಗಡಿಯ ತಿರುವು ದಾಟಿದರು. ಮನೆಯ ಬೀದಿಗೆ ತಿರುಗಿದಾಗ ಬೀದಿದೀಪಗಳು ಇರಲಿಲ್ಲ. ಕೂದಲು ಸುಟ್ಟ ಕಮಟು ಮೂಗಿಗೆ ಬಡಿಯಿತು. ಹೆಡ್‌ಲೈಟಿನ ಬೆಳಕು ಹೊಳೆಯುವ ಬೀಗದ ಮೇಲೆ ಬಿತ್ತು.

ಅವನು ಬ್ರೇಕ್ ಒತ್ತಿದ. "ಮ್ಯಾಗ್ನೆಟ್ಟೂ... ಇನ್ನೊಂದು ಕೈಲಿ ಏನಿದೆ?"

"ಕನಸಲ್ಲಿ ನೆಲದ ಮೇಲೆ ಸಿಕ್ತು," ಎಂದಳು ಅವಳು. ಹೆಗಲ ಮೇಲಿಂದ ಪುಟ್ಟ ಮುಷ್ಟಿ ಮುಂದೆ ಬಂದು ಬಿಚ್ಚಿಕೊಂಡಿತು. ಅವನ ಹೆಬ್ಬೆರಳಿಗಿಂತ ದಪ್ಪನೆಯ, ಎಣ್ಣೆಗಪ್ಪು ಬೋಲ್ಟು. "ಅಪ್ಪಾ, ನಿಂಗೆ."

ಅದು ಆ ತೂತಿನಲ್ಲಿ ಹೋಗುವಂಥದ್ದಲ್ಲ. ಹೊತ್ತು ಆಗಲೇ ಮುಳುಗಿತ್ತು. ಒಯ್ದೋರಿಗೆ ಯಾವುದು ಎಲ್ಲಕ್ಕಿಂತ ಹೆಚ್ಚೋ ಅದನ್ನ, ಎಂದಿದ್ದಳು ಅಜ್ಜಿ. ಮಗಳಿಗೆ ಲೋಕದಲ್ಲಿ ಯಾರಿದ್ದಾರೆಂದು ಯೋಚಿಸಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಅವಳನ್ನು ಹಿಡಿದುಕೊಳ್ಳಲೆಂದು ತಿರುಗಿದ.

ಕತ್ತಲು. ಡೀಸೆಲ್ ವಾಸನೆ. ಬೆನ್ನಿಗೆ ತಣ್ಣನೆಯ ತಗಡು. ತಲೆಯ ಮೇಲೆ ಅವನ ಹೆಲ್ಮೆಟ್ಟು ಮೊಳೆಯಲ್ಲಿ ಕಿರ್ ಕಿರ್ ಎಂದು ತೂಗುತ್ತಿತ್ತು.

"ಅಪ್ಪಾ?" ಹೊರಗಿನಿಂದ ಪುಟ್ಟ ಕೈ ಬಾಗಿಲು ಬಡಿಯಿತು. "ಅಪ್ಪಾ, ಎಲ್ಲಿದೀಯಾ?"

ತೆವಳಿಕೊಂಡು ಹೋಗಿ ಆ ತೂತಿಗೆ ಬಾಯಿಟ್ಟ. "ಇಲ್ಲೇ ಇದೀನಿ ಕಂದಾ, ಹೆದರ್ಬೇಡ. ಬೆಳಿಗ್ಗೆ ಒಬ್ಬ ಅಜ್ಜಿ ಬರ್ತಾರೆ, ಬಾಗಿಲು ತೆಗೀತಾರೆ. ಅಲ್ಲೀವರೆಗೆ ಆ ಬೋಲ್ಟು ಗಟ್ಟಿಯಾಗಿ ಹಿಡ್ಕೋ. ಏನಾದ್ರೂ ಬಿಡ್ಬೇಡ. ನೀನೇ ಒಳಗೆ ತಂದಿಡ್ಬೇಕು. ಆಯ್ತಾ?"

"ಆಯ್ತಪ್ಪ. ನಂಗೆ ನಿದ್ದೆ ಬರ್ತಿದೆ."

"ಮಲಗ್ಬೇಡ ಪುಟ್ಟಾ. ಮಾತಾಡ್ತಾ ಇರು. ಸ್ಕೂಲಲ್ಲಿ ಇವತ್ತು ಏನು ಹೇಳ್ಕೊಟ್ರು?"

ಅವಳು ಹೇಳಿದಳು. ಮಿಸ್ಸು ಬಂದದ್ದು, ಗೆಳತಿ ಪೆನ್ಸಿಲ್ ಮುರಿದದ್ದು. ದನಿ ನಿಧಾನವಾಯಿತು. ಮಾತುಗಳ ನಡುವೆ ಅಂತರ ಬೆಳೆಯಿತು. ಅವನು ಕೂಗಿದ. ತಗಡನ್ನು ಬಡಿದ. ಅವನ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಯಾರ್ಯಾರೋ ಉಸಿರಾಡುತ್ತಿದ್ದರು. ಅವನು ತಿರುಗಿ ನೋಡಲಿಲ್ಲ. ತೂತಿಗೆ ಕಿವಿಯೊತ್ತಿ ಕೂತ.

ಆರು ವರ್ಷದ ಮಗುವಿನ ಸಮನಾದ, ನಿದ್ದೆಯ ಉಸಿರು ಕೇಳಿಸಿತು. ಆಮೇಲೆ ಕಬ್ಬಿಣ ಕಲ್ಲಿಗೆ ತಾಗಿದ ಸದ್ದು. ಬೋಲ್ಟು ಇಳಿಜಾರಿನಲ್ಲಿ ಉರುಳಿಕೊಂಡು ಹೋಗುತ್ತಿತ್ತು. ಅದು ನಿಲ್ಲುವವರೆಗೂ ಅವನು ಕೇಳುತ್ತಲೇ ಇದ್ದ.