ಐದನೆಯ ಕೋಣೆಯ ತೊಲೆ

ಕುಡಗೋಲಿನ ಅಲಗು ನನ್ನ ಗಂಟಲಿಗೆ ತಾಗಿತ್ತು.

ಹಿಡಿದವಳು ಪಾರವ್ವ. ಮೊಣಕೈವರೆಗೆ ಅವಳ ಕೈಗೆ ಮಣ್ಣು ಮೆತ್ತಿತ್ತು. ಅವಳ ಗಂಡ ಶಿದ್ರಾಮನನ್ನು ಆಗಷ್ಟೇ ಕುಸಿದ ಮಾಳಿಗೆಯ ಅಡಿಯಿಂದ ಎಳೆದಿದ್ದೆವು. ಉಸಿರು ಇರಲಿಲ್ಲ.

"ತೊಲಿ ಸೀಳೇತಿ ಅಂತ ಅವ್ರು ನಿನಗ ಹೇಳಿದ್ರೋ ಇಲ್ಲೋ, ರಾಚಪ್ಪಣ್ಣ?"

"ಹೇಳಿದ್ದ."

"ಸಾವಕಾರಗ ನೀ ಮುಟ್ಟಿಸಿದಿ?"

"ಮುಟ್ಟಿಸೇನಿ."

ಸುಳ್ಳು... ಅಲಗು ಕೆಳಗಿಳಿಯಿತು.

ಇದು ಮೂವತ್ತಾರನೆಯ ಇಸವಿಯ ಮಾತು, ಕೇಳಿ. ಗೋಕಾಕ ಫಾಲ್ಸಿನ ಹತ್ತಿರ ಮುರಿಗೆಪ್ಪ ಸಾವಕಾರ ಹತ್ತು ಕೋಣೆಯ ಚಾಳು ಕಟ್ಟಿ, ಮಿಲ್ಲಿನ ಕೆಲಸಗಾರರಿಗೆ ಬಾಡಿಗೆಗೆ ಬಿಟ್ಟಿದ್ದ. ನಾನು ಅವನ ಬಂಟ. ಜಗಳ ಬಿಡಿಸುವುದು, ಬಾಗಿಲು ಒಡೆಯುವುದು, ಬಾಡಿಗೆದಾರರ ದೂರನ್ನು ಮಾಲಕನ ಕಿವಿಗೆ ಹಾಕುವುದು... ಎಲ್ಲ ನನ್ನ ಕೆಲಸ.

ಮೇಲೆ ಮಣ್ಣಿನ ಮಾಳಿಗೆ, ತೊಲೆಗಳ ಮೇಲೆ ಮಣ್ಣು ಹಾಸಿದ ಚಾವಣಿ. ಸೋರದಿರಲೆಂದು ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕುತ್ತಾರೆ. ಅದಕ್ಕೂ ಮೊದಲು ಹಳೆಯದನ್ನು ಕೆರೆದು ಇಳಿಸಬೇಕು, ತೊಲೆಗಳನ್ನು ತಟ್ಟಿ ನೋಡಬೇಕು. ಅದು ಮಾಲಕನ ಹೊಣೆ. ಮುರಿಗೆಪ್ಪ ಹನ್ನೆರಡು ವರ್ಷ ಹಳೆಯದರ ಮೇಲೆಯೇ ಹೊಸದನ್ನು ಸುರಿಸಿದ್ದ. ಮೊದಲ ಮಳೆಗೆ ಮಣ್ಣು ನೀರು ಕುಡಿಯಿತು, ಆ ಭಾರಕ್ಕೆ ಐದನೆಯ ಕೋಣೆಯ ತೊಲೆ ಮುರಿಯಿತು. ರಾತ್ರಿ ಪಾಳಿ ಮುಗಿಸಿ ಬಂದು, ಬೆಳಗ್ಗೆ ಮಲಗಿದ್ದ ಶಿದ್ರಾಮ ಏಳಲಿಲ್ಲ.

"ತೊಲಿ ಎಲ್ಲಿ?" ಪಾರವ್ವ ಕೇಳಿದಳು.

ಇರಲಿಲ್ಲ. ಜನ ಹೆಣದ ಸುತ್ತ ಅಳುತ್ತಿದ್ದಾಗ ಮುರಿಗೆಪ್ಪನ ಗಾಡಿಯವ ಲಗಮಪ್ಪ ಅದನ್ನು ಹೇರಿಕೊಂಡು ಹೋಗಿದ್ದ.

"ನಾಕಕ್ಕ ಫೌಜದಾರ ಬರ್ತಾನ. ತೊಲಿ ಕಾಣಲಿಲ್ಲಂದ್ರ ಮಳಿ ಕೊಂದೈತಿ ಅಂತ ಬರಕೊಂಡು ಹೋಗ್ತಾನ. ಉಳದ ಒಂಬತ್ತು ಮನ್ಯಾಗ ಇಂಥಾ ತೊಲಿ ಕೆಳಗ ಕೂಸು ಮಲಗ್ತಾವ. ತರ್ತಿಯೋ ಇಲ್ಲೋ?"

ಸೈಕಲ್ ಹತ್ತಿದೆ.

ಗಾಡಿ ಹೋದದ್ದು ಹುಕ್ಕೇರಿಯ ದಾರಿ. ಇಳಿಜಾರು. ಬ್ರೇಕು ಇಲ್ಲ. ತಲೆಯಲ್ಲಿ ಒಂದೇ ಚಿತ್ರ. ಅಷ್ಟು ಜನ ಶಿದ್ರಾಮನಿಗಾಗಿ ಅಳುತ್ತಿದ್ದರು. ನಾನು ಸತ್ತರೆ ಯಾರು ಅಳುತ್ತಾರೆ? ಸತ್ತವನ ಮೇಲೂ ನನಗೆ ಹೊಟ್ಟೆಕಿಚ್ಚು!

ಅವಳ ತವರು ಕೌಜಲಗಿಯಲ್ಲಿ ಪಾರವ್ವನನ್ನು ಮದುವೆಗೆ ಮೊದಲು ಕೇಳಿದವನು ನಾನು. ಅವಳಪ್ಪ ಕೊಟ್ಟದ್ದು ಶಿದ್ರಾಮನಿಗೆ.

ಎಂಟು ದಿನದ ಹಿಂದೆ ಅವನೇ ಊಟಕ್ಕೆ ಕರೆದಿದ್ದ.

"ಲೇ ರಾಚಪ್ಪಾ, ತೊಲಿ ಟಕ್ ಟಕ್ ಅನ್ನಾಕತ್ತೈತಿ. ಸಾವಕಾರಗ ಹೇಳು."

"ನಿಮ್ಮ ಗೊರಕಿಗೆ ಅದು ತಾಳ ಹಾಕತೈತ್ರಿ," ಎಂದು ಪಾರವ್ವ ನಕ್ಕಳು. ನನ್ನ ತಟ್ಟೆಗೂ ರೊಟ್ಟಿ ಬಿತ್ತು. ಬೆಣ್ಣೆ ಅವನ ತಟ್ಟೆಗೆ ಮಾತ್ರ.

ನೆಟ್ಟಗೆ ಸಾವಕಾರನ ಮನೆಗೆ ಹೋದೆ. ನಾಲ್ಕನೆಯ ಕೋಣೆಯ ಬಾಗಿಲು ಹೇಳಿದೆ. ಏಳನೆಯದರ ಮೋರಿ ಹೇಳಿದೆ. ಐದನೆಯದರ ತೊಲೆ ಹೇಳಲಿಲ್ಲ. ಒಂದು ವಾರ ಅಂಜಿಕೊಂಡು ಮಲಗಲಿ ಅಂದುಕೊಂಡೆ... ಅಷ್ಟೇ.

ಸಾವಕಾರನ ಇಟ್ಟಿಗೆ ಭಟ್ಟಿಯ ಮುಂದೆ ಗಾಡಿ ಸಿಕ್ಕಿತು. ಭಟ್ಟಿ ಉರಿಯುತ್ತಿತ್ತು.

"ಬಾಜೂಕ ಸರೀ, ರಾಚಪ್ಪಣ್ಣ," ಲಗಮಪ್ಪ ಬಾರಕೋಲು ಎತ್ತಿದ. "ನಾ ಹೇಳಿದ್ದ ಮಾಡಾಂವ."

"ನಾನೂ ಇಷ್ಟು ದಿನಾ ಅದನ್ನ ಮಾಡೇನಿ."

ಬಾರಕೋಲು ಭುಜಕ್ಕೆ ಬಿತ್ತು. ಕಾಲು ಹಿಡಿದು ಅವನನ್ನು ಕೆಸರಿಗೆಳೆದೆ. ಗಾಡಿ ಹತ್ತಿದೆ. ಅಷ್ಟರಲ್ಲಿ ಭಟ್ಟಿಯ ಹಿಂದಿನಿಂದ ಮುರಿಗೆಪ್ಪ ಬಂದ. ಕೈಯಲ್ಲಿ ಬಂದೂಕು.

"ರಾಚ್ಯಾ, ತೊಲಿ ಸೀಳಿದ್ದು ನೀ ನನಗ ಯಾವಾಗ ಹೇಳಿದ್ದಿ?"

"ಹೇಳಿದ್ದಿಲ್ರಿ."

"ಹಂಗಾರ ಇದು ಸುಟ್ರ ಉಳಿಯಾಂವ ನಾ ಒಬ್ಬನ ಅಲ್ಲ. ಮತ್ತ... ಆಕಿ ಈಗ ಒಬ್ಬಾಕಿ. ನಿನ್ನ ಆಸೆ ನನಗ ಗೊತ್ತಿಲ್ಲೇನು?"

ಆ ಮಾತು ಬೆಲ್ಲದ ಹಾಗೆ ಒಳಗಿಳಿಯಿತು. ಬಂದೂಕಿಗೆ ನಡುಗದವನು ಅದಕ್ಕೆ ನಡುಗಿದೆ. ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡೆ.

ಎರಡೂ ಎತ್ತಿನ ಬಾಲ ತಿರುವಿದೆ.

ಎತ್ತು ಎಗರಿದವು. ಗುಂಡು ತೊಲೆಗೆ ಬಡಿಯಿತು. ಪುಡಿ ಹಾರಿತು. ಗೆದ್ದಲು ತಿಂದು ಒಳಗೆಲ್ಲ ಪೊಳ್ಳು. ಮುರಿಗೆಪ್ಪ ಚಕ್ರಕ್ಕೆ ಅಂಜಿ ಹಳ್ಳಕ್ಕೆ ಹಾರಿದ. ನಾನು ತಿರುಗಿ ನೋಡಲಿಲ್ಲ.

ನಾಲ್ಕಕ್ಕೆ ತೊಲೆಯನ್ನು ಫೌಜದಾರನ ಮುಂದೆ ಇಳಿಸಿದೆ. ಅವನು ಬೆರಳಿಂದ ಒತ್ತಿದ. ಬೆರಳು ಒಳಗೆ ಹೋಯಿತು.

"ಇದು ಸೀಳಿದ್ದು ಯಾರಿಗೆ ಗೊತ್ತಿತ್ತು?"

"ನನಗ್ರಿ. ಮಾಲಕಗ ಹೇಳಲಿಲ್ಲ."

"ಯಾಕ?"

"ಹೊಟ್ಟಿಕಿಚ್ಚಿಗ್ರಿ."

ಪಂಚನಾಮೆ ಬರೆಯುತ್ತಿದ್ದ ಪೊಲೀಸ ಕೈ ನಿಲ್ಲಿಸಿದ. ಪಾರವ್ವ ಹೆಣದ ಪಕ್ಕದಿಂದ ತಲೆ ಎತ್ತಿದಳು.

"ಅವ್ರಾಗಿದ್ರ ನಿನಗ ಮಾಫ್ ಮಾಡ್ತಿದ್ರು. ನಾ ಮಾಡೂದಿಲ್ಲ."

ಖರೆ. ಅವನು ಮಾಡುತ್ತಿದ್ದ. ಅಲ್ಲಿಯೂ ಅವನೇ ನನಗಿಂತ ದೊಡ್ಡವ.

ಆ ಸಂಜೆಯೇ ಒಂಬತ್ತು ಕೋಣೆ ಖಾಲಿ ಮಾಡಿಸಿದರು. ಹನ್ನೆರಡು ವರ್ಷದ ಮಣ್ಣು ಇಳಿಯಿತು. ಇನ್ನೂ ಮೂರು ತೊಲೆ ಕೊಳೆತಿದ್ದವು. ಮುರಿಗೆಪ್ಪನಿಗೂ ನನಗೂ ಬೆಳಗಾವಿಯಲ್ಲಿ ಒಂದೇ ಜೈಲು. ಅಲ್ಲಿಯ ಮಾಳಿಗೆ ಮಾತ್ರ ಕಲ್ಲಿನದು, ಗಟ್ಟಿ.

ಈಗ ನನಗೆ ವಯಸ್ಸಾಗಿದೆ. ದಿನವೂ ಪೂಜೆಗೆ ಕೂತಾಗ ಬಾಯಿಗೆ ಮೊದಲು ಬರುವುದು ಅವನ ಹೆಸರು.

ಬಸವಣ್ಣಾ, ಶಿದ್ರಾಮನಿಗೆ ಶಾಂತಿ ಕೊಡು. ಅದರಲ್ಲಿ ನನಗೆ ಪಾಲು ಬೇಡ. ಇದೊಂದಾದರೂ, ಅವನದು ಅವನಿಗೇ ಇರಲಿ.