ಎದುರಂಗಡಿಯವನು ಮಡಚಿದ ಖಣ

"ಏಳ್ರಿ. ಇದು ನಮ್ಮ ಜಾಗ."

ಇಂದೂಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಅದು ಎಪ್ಪತ್ತೆಂಟರ ಚಳಿಗಾಲ. ಒಂಬತ್ತು ದಿನದ ಹಿಂದೆ ಪುಣೆಯ ಸದಾಶಿವ ಪೇಠೆಯ ಈ ಗಲ್ಲಿಗೆ ಬೆಂಕಿ ಬಿದ್ದು ಸಾಲು ಅಂಗಡಿಗಳೆಲ್ಲ ಸುಟ್ಟಿದ್ದವು. ಅಪ್ಪ ಶಿವರುದ್ರಪ್ಪನವರ ಎರಡೂ ಕೈ ಬೆಂದಿದ್ದವು. ಅವರಿಗೆ ತುತ್ತು ತಿನ್ನಿಸುತ್ತ ಆಸ್ಪತ್ರೆಯಲ್ಲೇ ಉಳಿದಿದ್ದ ಇಂದೂ ಇವತ್ತೇ ಗಲ್ಲಿಗೆ ಕಾಲಿಟ್ಟಿದ್ದಳು.

ಬಂದು ನೋಡಿದರೆ, ಅವರ ರವಿಕೆ ಖಣದ ಅಂಗಡಿಯ ಬೂದಿ ಗುಡಿಸಿ, ಗೋಣಿತಟ್ಟು ಹಾಸಿ, ಅದರ ಮೇಲೆ ಗುರಣ್ಣ ಕೂತಿದ್ದ!

ಎದುರಂಗಡಿಯ ಬಳೆಗಾರ ಗುರಣ್ಣ. ಮೂರು ವರ್ಷದಿಂದ ಕಣ್ಣು ಕೂಡಿದಾಗೆಲ್ಲ ತಲೆ ತಗ್ಗಿಸುತ್ತಿದ್ದವನು. ನಿಜ ಹೇಳಬೇಕೆಂದರೆ, ನಮ್ಮ ಇಂದೂ ಅಷ್ಟು ಬೇಗ ತಗ್ಗಿಸುತ್ತಿರಲಿಲ್ಲ.

ಅವನ ಮುಂದೆ ರವಿಕೆಯ ಖಣಗಳು ತ್ರಿಕೋನವಾಗಿ ಮಡಚಿ ಕೂತಿದ್ದವು. ಎಲ್ಲರೂ ಅಂಚು ಹೊರಗೆ ಕಾಣುವಂತೆ ಮಡಚುತ್ತಾರೆ. ಅಂಚನ್ನು ಒಳಗೆ ಸರಿಸಿ ಮಡಚುವುದು ಅವಳ ಅಪ್ಪನ ಅಂಗಡಿಯಲ್ಲಿ ಮಾತ್ರ. ಈ ಖಣಗಳ ಅಂಚು ಒಳಗಿತ್ತು.

'ನಮ್ಮ ಮಾಲು... ಸುಡೂ ಅಂಗಡಿಯಿಂದ ಎತ್ತಿಕೊಂಡು, ನಮ್ಮ ಜಾಗದಾಗ ಕೂತು ಮಾರತಾನ... ಇವನಾ?'

"ನಿಮಗ ನಾಚಿಕಿ ಬರೂದಿಲ್ಲೇನ್ರಿ?"

"ಮೆಲ್ಲಕ ಮಾತಾಡ್ರಿ," ಎಂದ ಗುರಣ್ಣ. ಅವನ ಕಣ್ಣು ಪಕ್ಕದ ಅಂಗಡಿಯ ಕಡೆ ಹರಿಯಿತು. ಅಲ್ಲಿ ಮುನ್ಸಿಪಾಲ್ಟಿಯ ಗುಮಾಸ್ತ ಮೋಹನದಾಸ್ ರಿಜಿಸ್ಟರ್ ಹಿಡಿದು ನಿಂತಿದ್ದ. "ಅವರು ಬಂದು ಹೋಗಲಿ, ಎಲ್ಲಾ ಹೇಳ್ತೀನಿ. ಈಗ ನನಗ ಏಳಾಕ ಬರೂದಿಲ್ಲ."

ಏಳಲು ಬರುವುದಿಲ್ಲವಂತೆ! ಇಂದೂ ನೇರ ಗುಮಾಸ್ತನ ಹತ್ತಿರ ಹೋಗಿ ಮರಾಠಿಯಲ್ಲಿ ಹೇಳಿಯೇಬಿಟ್ಟಳು. "ಸಾಹೇಬರೇ, ಆ ಮನುಷ್ಯ ನಮ್ಮ ಜಾಗ ಹಿಡಿದಿದ್ದಾನೆ. ನಾನು ಶಿವರುದ್ರಪ್ಪನವರ ಮಗಳು."

ಮೋಹನದಾಸ್ ಕನ್ನಡಕ ಏರಿಸಿಕೊಂಡು ಪುಟ ತಿರುವಿದ.

"ಹಿಡಿದಿದ್ದಾನೆಯೇ? ತಾಯಿ, ಬೆಂಕಿಯ ನಾಲ್ಕನೇ ದಿನದಿಂದ ಇವತ್ತಿನವರೆಗೆ ಯಾರು ಕೂತು ವ್ಯಾಪಾರ ಮಾಡಿದ್ದಾರೋ ಅವರಿಗೇ ಹೊಸ ತಗಡಿನ ಶೆಡ್ಡು. ಯಾರೂ ಕೂರದ ಜಾಗ ರದ್ದು. ನಿಮ್ಮದರ ಮುಂದೆ ಬರೆದಿದೆ ನೋಡಿ. ಮಾಲೀಕ ಶಿವರುದ್ರಪ್ಪ, ಆಸ್ಪತ್ರೆಯಲ್ಲಿ. ಕೂತವನು ಅವರ ಆಳು ಗುರಣ್ಣ."

"ಮತ್ತೆ... ಅವರ ಬಳೆ ಅಂಗಡಿ?"

"ಒಬ್ಬ ಮನುಷ್ಯ ಎರಡು ಕಡೆ ಕೂರುತ್ತಾನೆಯೇ? ಅದು ರದ್ದಾಯಿತು." ಮೋಹನದಾಸ್ ಶಿವರುದ್ರಪ್ಪನವರ ಹೆಸರಿನ ಮುಂದೆ ಇವತ್ತಿನ ಗುರುತನ್ನೂ ಹಾಕಿ ಮುಂದಿನ ಅಂಗಡಿಗೆ ನಡೆದ.

ಇಂದೂ ತಿರುಗಿ ನೋಡಿದಳು. ಎದುರಿಗೆ ಬಳೆ ಅಂಗಡಿ ಇದ್ದಲ್ಲಿ ಬರೀ ಬೂದಿ. ಕರಗಿದ ಗಾಜು ಮುದ್ದೆಯಾಗಿ ಬಿದ್ದಿತ್ತು. ಅದನ್ನು ಯಾರೂ ಗುಡಿಸಿರಲಿಲ್ಲ.

ಅವಳು ವಾಪಸು ಬಂದು ಗೋಣಿತಟ್ಟಿನ ಅಂಚಿಗೆ ಕುಸಿದು ಕೂತಳು. ಒಂದು ಖಣ ಎತ್ತಿ ಮೂಸಿದಳು. ಹೊಗೆಯ ವಾಸನೆಯೇ ಇರಲಿಲ್ಲ.

"ಈ ಮಾಲು...?"

"ಗುಳೇದಗುಡ್ಡದಿಂದ ನಿಮ್ಮಪ್ಪಾರ ಹೆಸರಿಗೆ ಗಂಟು ಬಂದಿತ್ರಿ. ಸ್ಟೇಶನ್ನಿಗೆ ಹೋಗಿ ಬಿಡಿಸಿಕೊಂಡು ಬಂದೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ."

ಹೌದು, ಅನ್ನುತ್ತಿದ್ದಳು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಇಂಥವನನ್ನು ಕಳ್ಳ ಅಂದುಕೊಂಡೆನಲ್ಲ...

"ಈ ಮಡಿಕಿ ಯಾರು ಕಲಿಸಿದ್ರು ನಿಮಗ?"

ಗುರಣ್ಣ ಎಂದಿನಂತೆ ತಲೆ ತಗ್ಗಿಸಿದ. "ನಿಮ್ಮಪ್ಪಾರಿಗೆ ಸುಸ್ತಾದಾಗ ನೀವ ಮಡಚತಿದ್ರಿ. ಮೂರು ವರ್ಷ ಎದುರಿಗೆ ಕುಂತೀನಿ. ಬರೀ ಬಳಿ ಮಾರಾಕ ಅಂತ ತಿಳಿದಿದ್ರೇನು?"

ಇಂದೂಳಿಗೆ ಅಳು ಒತ್ತರಿಸಿ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಬಾರದ ಅಳು.

ಅವನು ಎದ್ದು, ಬೆಂಕಿಯಲ್ಲಿ ಉಳಿದಿದ್ದ ಒಂದೇ ಬಳೆಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿದ. "ನೀವು ಬಂದ್ರಲ್ಲ, ಇನ್ನ ನನ್ನ ಕೆಲಸ ಮುಗೀತು. ಕೋಥರೂಡದಾಗ ಕಟ್ಟಡದ ಕೆಲಸ ನಡದದ, ಅಲ್ಲಿ ಹೋಗ್ತೀನ್ರಿ."

"ಕುಂದರ್ರಿ," ಎಂದಳು ಇಂದೂ. "ಖಣ ತೊಗೊಂಡಾಕಿ ಬಳಿ ಕೇಳದ ಹೋಗ್ತಾಳೇನು? ಒಂದ ಶೆಡ್ಡಿನಾಗ ಎರಡೂ ಇಡೋಣ."

ಅವನು ನಿಂತೇ ಇದ್ದ. ಕೇಳಿದ್ದು ನಂಬಿಕೆಯಾಗಲಿಲ್ಲ.

ಮೂರು ವರ್ಷದಲ್ಲಿ ಒಮ್ಮೆಯೂ ಅವನ ಮುಂದೆ ಕೈ ಚಾಚದವಳು ಈಗ ಚಾಚಿದಳು. "ಬಳಿ ಇಡಸ್ರಿ. ಹಸರು."

ಗುರಣ್ಣ ಕಂಕುಳಲ್ಲಿದ್ದ ಪೆಟ್ಟಿಗೆಯನ್ನು ಮುಂದಕ್ಕೆ ತಂದ. "ಹಸರು... ಮದವಿಗೆ ಇಡಸ್ತಾರ್ರಿ."

"ಗೊತ್ತದ. ಆದ್ರ ಅಪ್ಪನ ಕೈ ಮಾಯೂ ತನಕ ಕಾಯಬೇಕು. ಅಕ್ಷತಿ ಅವರ ಹಾಕಬೇಕು."

ಗುರಣ್ಣ ಪೆಟ್ಟಿಗೆ ಕೆಳಗಿಟ್ಟು ಅವಳ ಪಕ್ಕ ಕೂತ. ಈ ಸಲ ತಲೆ ತಗ್ಗಿಸಲಿಲ್ಲ.

"ಕಾಯ್ತೀನ್ರಿ. ಕುಂದ್ರಾಕ ಜಾಗ ಅಂತೂ ಅದ ಈಗ."