ಹೆಸರಿಲ್ಲದ ಡಿಸ್ಕು

ಡಾ. ಇಂದುಮತಿ ಹೊಸಮನಿ ‘ಗುರುತು’ ಎಂಬ ಒಂದೇ ಆದೇಶವನ್ನು ಟೈಪು ಮಾಡಿದಳು. ಕಪ್ಪು ತೆರೆಯ ಮೇಲೆ ಬಿಳಿ ಸಾಲುಗಳು ಮೂಡಿದವು: ಡಿಸ್ಕಿನ ಹೆಸರು, ಪಕ್ಕದಲ್ಲಿ ಕಾರ್ಖಾನೆಯ ಕ್ರಮಸಂಖ್ಯೆ. ಚಿತ್ರವಿಲ್ಲ, ಧ್ವನಿಯಿಲ್ಲ. ಸಹೋದ್ಯೋಗಿಗಳು ‘ಅಜ್ಜಿ ಕಾಲದ ಆಟಿಕೆ’ ಎಂದು ನಕ್ಕಿದ್ದ ಆ ತಂತ್ರಾಂಶವನ್ನು ಇಪ್ಪತ್ತು ವರ್ಷಗಳ ಹಿಂದೆ ಬರೆದವಳು ಅವಳೇ. ಇಂದು ನಗುವವರು ಯಾರೂ ಇರಲಿಲ್ಲ.

ಧಾರವಾಡದ ಆ ಶ್ರವಣ ಭಂಡಾರದಲ್ಲಿದ್ದ ಇನ್ನೂರು ಡಿಸ್ಕುಗಳಲ್ಲಿ ಇನ್ನೂರು ಜನರ ಕೃತಕ ಕಿವಿಗಳ ಶ್ರುತಿನಕ್ಷೆಗಳಿದ್ದವು, ಯಾವ ಸದ್ದನ್ನು ಹೇಗೆ ಕೇಳಿಸಬೇಕೆಂಬ ಲೆಕ್ಕಗಳು. ದಿನವೂ ಸಂಜೆ ಆರಕ್ಕೆ ಕಿವಿ ತನ್ನ ನಕ್ಷೆಯನ್ನು ಓದಿಕೊಳ್ಳಬೇಕು. ನಕ್ಷೆ ಅಳಿದರೆ ಆ ಮನುಷ್ಯ ಮತ್ತೆ ಕಿವುಡ. ಹೊಸ ಮೇಲ್ವಿಚಾರಕ ಯಂತ್ರ ಡಿಸ್ಕನ್ನು ಗುರುತಿಸುತ್ತಿದ್ದುದು ಅದು ಕುಳಿತ ಗೂಡಿನಿಂದ. ಅಂದು ಖಂಡೇನವಮಿ. ಕೆಲಸದ ನೀಲವ್ವ ಡಿಸ್ಕುಗಳನ್ನೆಲ್ಲ ಹೊರತೆಗೆದು, ಒರೆಸಿ, ಕುಂಕುಮವಿಟ್ಟು, ಕೈಗೆ ಸಿಕ್ಕ ಗೂಡಿಗೆ ಸೇರಿಸಿದ್ದಳು. ಎಲ್ಲವೂ ಕೆಟ್ಟಿವೆಯೆಂದು ಬಗೆದ ಯಂತ್ರ, ಹೊಸ ಪಟ್ಟಿ ಕೊಡದಿದ್ದರೆ ಆರಕ್ಕೆ ಅಳಿಸುವೆನೆಂದು ಸಾರಿತ್ತು.

“ದುಡಿಯೋ ಯಂತ್ರಕ್ಕ ಒಂದಿನಾನರ ಮರ್ಯಾದಿ ಬ್ಯಾಡೇನ್ರಿ ಬಾಯಾರ?” ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮರ್ಯಾದಿ ಮಾಡು, ಮನಿ ಬದಲಿ ಮಾಡಬ್ಯಾಡ. ಅಳಬ್ಯಾಡ, ನನ್ನ ‘ಗುರುತು’ ಡಿಸ್ಕಿನ ಹೊಟ್ಟಿಯೊಳಗ ಬರದದ್ದನ್ನ ಓದತದ.”

ಓದಿತು. ನೂರ ತೊಂಬತ್ತೊಂಬತ್ತು ಹೆಸರುಗಳು ರೋಗಿಗಳ ದಾಖಲೆಯೊಡನೆ ಸರಿಹೊಂದಿದವು. ಇಂದುಮತಿಯ ಎದೆ ಉಬ್ಬಿತು. ಉಳಿದದ್ದು ಮೊದಲ ಸಾಲು; ಅಲ್ಲಿದ್ದ ಹೆಸರು ‘ಪ್ರಯೋಗ ೧’. ಪ್ರಯೋಗದ ಡಿಸ್ಕು ಯಾರಿಗೆ ಬೇಕು? ಅಳಿಸಲಿ ಎನ್ನುತ್ತ ಅವಳು ಅದನ್ನು ಪಟ್ಟಿಯಿಂದ ಬಿಡಹೊರಟಳು.

“ತಡೀರಿ ಬಾಯಾರ! ಅದರ ಮುಂದ ನಾಲ್ವತ್ತು ಸಾವಿರದ ಏಳನೂರಾ ಹತ್ತೊಂಬತ್ತು ಅಂತ ಐತೇನ್ರಿ?”

“ನಿನಗ ಹ್ಯಾಂಗ ಗೊತ್ತು?”

ನೀಲವ್ವ ಸೆರಗು ಸರಿಸಿ ಕಿವಿಯ ಹಿಂಬದಿ ತೋರಿಸಿದಳು. ಅಲ್ಲಿದ್ದ ಕೃತಕ ಕಿವಿಯ ಮೇಲೆ ಅದರ ಡಿಸ್ಕಿನ ಅದೇ ಸಂಖ್ಯೆ ಕೆತ್ತಲಾಗಿತ್ತು. “ಮೊದಲ ಕಿವಿ ನನಗಽ ಹಚ್ಚಿದ್ರಲ್ರಿ. ಮರತ್ರೇನು?”

ಮರೆತಿದ್ದಳು. ಎಲ್ಲ ಡಿಸ್ಕುಗಳನ್ನೂ ಗುರುತಿಸುವ ತಂತ್ರಾಂಶ ಬರೆದವಳಿಗೆ, ತನ್ನ ಪ್ರಯೋಗಕ್ಕೆ ಮೊದಲು ಕಿವಿಗೊಟ್ಟವಳ ಗುರುತೇ ಉಳಿದಿರಲಿಲ್ಲ. ಇಂದುಮತಿಗೆ ನಾಚಿಕೆಯಾಯಿತು. ಆರಕ್ಕೆ ಎರಡು ನಿಮಿಷವಿತ್ತು. ಡಿಸ್ಕಿನ ಹೆಸರು ಬದಲಿಸಿ, ಪಟ್ಟಿ ಕಳಿಸಿ, ಮತ್ತೆ ‘ಗುರುತು’ ಎಂದು ಬರೆದಳು.

ಆರು ಹೊಡೆಯಿತು. ನೀಲವ್ವನಿಗೆ ಗಂಟೆ ಆರೂ ಸಲ ಕೇಳಿಸಿತು. ಅವಳು ತೆರೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: “ನೀಲವ್ವ ಹಡಪದ.”

ಆಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ಎಲ್ಲಾರ್ಗಿಂತ ಮೊದಲ ನನ್ನ ಹೆಸರೈತ್ರಿ!”